ಹಾಡುಗಾರನ ಮಾತು, ಕೇಳುಗನ ಮುನಿಸು

‘ಹಾಡುವವನು ಹಾಡಿಕೊಂಡಿರಬೇಕು, ಅವನಿಗೇಕೆ ರಾಜಕೀಯ?’ ಎಂಬ ಮಾತು ನಮಗೆ ಹೊಸದಲ್ಲ. ಸಾಗರದ ಹೋಟೆಲಿನಲ್ಲಿ, ಹೊಸನಗರದ ಬಸ್ ನಿಲ್ದಾಣದಲ್ಲಿ, ತೀರ್ಥಹಳ್ಳಿಯ ಪುಸ್ತಕದಂಗಡಿಯ ಮುಂದೆ ನಿಂತು ಮಾತಾಡುವವರ ನಡುವೆ ಇದು ಆಗಾಗ ಕೇಳಿಬರುತ್ತದೆ. ಮೇಲುನೋಟಕ್ಕೆ ಇದು ವಿವೇಕದ ಮಾತು. ರಾಗಕ್ಕೆ ಪಕ್ಷವಿಲ್ಲ, ತಾಳಕ್ಕೆ ಜಾತಿಯಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಈ ಮಾತನ್ನು ನಾವು ಯಾವಾಗ ಆಡುತ್ತೇವೆ, ಯಾರ ವಿಷಯದಲ್ಲಿ ಆಡುತ್ತೇವೆ ಎಂಬುದನ್ನು ಸ್ವಲ್ಪ ಸಮಾಧಾನದಿಂದ ನೋಡಿದರೆ, ಅದು ತೋರುವಷ್ಟು ನಿಷ್ಪಕ್ಷಪಾತವಾದ ಮಾತಲ್ಲವೆಂದು ತಿಳಿಯುತ್ತದೆ. ಇಂದು ಆ ಕುರಿತು ನಿಮ್ಮೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳಬೇಕೆಂದಿದ್ದೇನೆ.

ಸಂಗೀತವನ್ನು ಕೇಳುವವನಿಗೆ ನಮ್ಮ ಭಾಷೆಯಲ್ಲಿ ಎರಡು ಹೆಸರುಗಳುಂಟು. ಒಂದು ರಸಿಕ, ಇನ್ನೊಂದು ಅಭಿಮಾನಿ. ರಸಿಕನಿಗೆ ಬೇಕಾದದ್ದು ರಸ. ಅದು ದೊರೆತರೆ ಅವನು ತೃಪ್ತ, ದೊರೆಯದಿದ್ದರೆ ಎದ್ದು ಮನೆಗೆ ಹೋಗುತ್ತಾನೆ. ಅಭಿಮಾನಿಯ ರೀತಿ ಬೇರೆ. ಅಭಿಮಾನವೆಂದರೆ ‘ನನ್ನದು’ ಎಂಬ ಭಾವ. ಅವನು ಹಾಡನ್ನಷ್ಟೇ ಅಲ್ಲ, ಹಾಡಿದವನನ್ನೂ ತನ್ನವನೆಂದು ತಿಳಿಯುತ್ತಾನೆ. ತನ್ನವನೆಂದ ಮೇಲೆ ಅವನ ಮಾತೂ ತನ್ನ ಮಾತಿನಂತೆಯೇ ಇರಬೇಕೆಂದು ಬಯಸುತ್ತಾನೆ. ಕಲಾವಿದ ಬೇರೊಂದು ಮಾತು ಆಡಿದಾಗ ರಸಿಕನಿಗೆ ಬೇಸರವಾಗಬಹುದು. ಅಭಿಮಾನಿಗಾದರೋ ದ್ರೋಹವಾದಂತೆ ತೋರುತ್ತದೆ. ನಮ್ಮೊಳಗೆ ಈ ಇಬ್ಬರೂ ಇದ್ದಾರೆಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಕನ್ನಡದಲ್ಲಿ ಅಭಿಮಾನಿಯನ್ನು ದೇವರ ಸ್ಥಾನಕ್ಕೇರಿಸಿದವರು ಡಾ. ರಾಜ್‌ಕುಮಾರ್. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ಮುಂದೆ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದ ಅವರು ನಟರಷ್ಟೇ ದೊಡ್ಡ ಗಾಯಕರೂ ಆದರು. ‘ಜೀವನ ಚೈತ್ರ’ದ ಹಾಡಿಗಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ‘ಅಭಿಮಾನಿ ದೇವರುಗಳೇ’ ಎಂದು ಜನರನ್ನು ಕರೆದ ಈ ವ್ಯಕ್ತಿ ಚುನಾವಣೆಯ ರಾಜಕೀಯದಿಂದ ಕೊನೆಯವರೆಗೂ ದೂರ ಉಳಿದರು. 1978ರಲ್ಲಿ ನಮ್ಮ ನೆರೆಯ ಚಿಕ್ಕಮಗಳೂರಿನ ಉಪಚುನಾವಣೆಗೆ ಇಂದಿರಾ ಗಾಂಧಿಯವರು ನಿಂತಾಗ, ಅವರ ಎದುರು ರಾಜ್‌ಕುಮಾರ್ ಅವರನ್ನು ನಿಲ್ಲಿಸುವ ಪ್ರಯತ್ನ ನಡೆಯಿತು, ಅವರು ಒಪ್ಪಲಿಲ್ಲ. ಆದರೆ 1982ರ ಗೋಕಾಕ್ ಚಳವಳಿಯಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ದೊರೆಯಬೇಕೆಂಬ ಬೇಡಿಕೆಯನ್ನು ಹೊತ್ತು ಅದೇ ರಾಜ್‌ಕುಮಾರ್ ಬೀದಿಗಿಳಿದರು. ಸರ್ಕಾರದ ನೀತಿಯ ವಿರುದ್ಧ ಜನರನ್ನು ಕೂಡಿಸುವುದು ರಾಜಕೀಯವಲ್ಲದೆ ಮತ್ತೇನು? ಆಗ ಅಭಿಮಾನಿಗಳು ಅವರನ್ನು ಬಿಟ್ಟುಹೋದರೇ? ಇಲ್ಲ, ಇಮ್ಮಡಿಯಾದರು. ‘ಹಾಡುವವನಿಗೇಕೆ ರಾಜಕೀಯ’ ಎಂದು ಅಂದು ಅವರಲ್ಲಿ ಯಾರೂ ಕೇಳಲಿಲ್ಲ. ಅವರು ಆಡಿದ್ದು ಅಭಿಮಾನಿಗಳ ಮನಸ್ಸಿನಲ್ಲಿ ಮೊದಲೇ ಇದ್ದ ಮಾತು.

ಇದಕ್ಕೆ ಎದುರಾದ ಚಿತ್ರವನ್ನೂ ನೋಡೋಣ. ‘ಪ್ರೇಮಲೋಕ’ದಿಂದ ಒಂದು ತಲೆಮಾರಿನ ಕಿವಿಯನ್ನೇ ಬದಲಿಸಿದ, ‘ಗಾನಯೋಗಿ ಪಂಚಾಕ್ಷರ ಗವಾಯಿ’ಯ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಹಂಸಲೇಖ ಅವರು 2021ರ ನವೆಂಬರಿನಲ್ಲಿ ಮೈಸೂರಿನ ಸಮಾರಂಭವೊಂದರಲ್ಲಿ, ದಿವಂಗತ ಪೇಜಾವರ ಶ್ರೀಗಳು ದಲಿತರ ಮನೆಗೆ ಭೇಟಿ ನೀಡುತ್ತಿದ್ದುದನ್ನು ಪ್ರಸ್ತಾಪಿಸಿದರು. ದಲಿತರ ಮನೆಗೆ ಹೋಗುವುದಕ್ಕಿಂತ ಅವರನ್ನು ತಮ್ಮ ಮನೆಗೆ ಕರೆದು ಸತ್ಕರಿಸುವುದು ದೊಡ್ಡದು ಎಂಬ ಅರ್ಥದ ಮಾತು ಅದು. ಹೇಳಿದ ರೀತಿ ಬಹಳ ಜನರನ್ನು ನೋಯಿಸಿತು. ಹಂಸಲೇಖ ಕ್ಷಮೆ ಕೇಳಿದರು. ಆದರೂ ಬೆಂಗಳೂರಿನಲ್ಲಿ ಪೊಲೀಸು ದೂರು ದಾಖಲಾಯಿತು. ಅವರು ಬಸವನಗುಡಿ ಠಾಣೆಗೆ ಹಾಜರಾದ ದಿನ ಹೊರಗೆ ಅವರ ಪರವಾಗಿಯೂ ವಿರೋಧವಾಗಿಯೂ ಜನ ಸೇರಿದ್ದರು. ನಿನ್ನೆಯವರೆಗೆ ಒಂದೇ ಹಾಡನ್ನು ಗುನುಗುತ್ತಿದ್ದವರು ಅಂದು ರಸ್ತೆಯ ಎರಡು ಬದಿಗೆ ನಿಂತರು. ಎರಡು ವರ್ಷಗಳ ಬಳಿಕ, 2023ರ ಅಕ್ಟೋಬರಿನಲ್ಲಿ, ಮೈಸೂರು ದಸರೆಯನ್ನು ಉದ್ಘಾಟಿಸಿದವರೂ ಇದೇ ಹಂಸಲೇಖ. ಮೊದಲು ಮುನಿದವರಲ್ಲಿ ಎಲ್ಲರೂ ಮರಳಿ ಬಂದರೆಂದು ಹೇಳಲಾಗದು. ಆದರೆ ಹಾಡುಗಳು ಮಾತ್ರ ಎಲ್ಲಿಗೂ ಹೋಗಿರಲಿಲ್ಲ, ಮದುವೆಯ ಮನೆಗಳಲ್ಲಿ ಹಿಂದಿನಂತೆಯೇ ಮೊಳಗುತ್ತಿದ್ದವು.

ಸೋನು ನಿಗಮ್ ಅವರ ಪ್ರಸಂಗ ಇನ್ನೂ ಈಚಿನದು. ಕನ್ನಡ ಮಾತೃಭಾಷೆಯಲ್ಲದ ಈ ಗಾಯಕರನ್ನು 2006ರ ‘ಮುಂಗಾರು ಮಳೆ’ಯ ನಂತರ ಕನ್ನಡಿಗರು ಮನೆಮಗನಂತೆ ಕಂಡರು. 2025ರ ಏಪ್ರಿಲಿನಲ್ಲಿ ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ, ಕನ್ನಡ ಹಾಡು ಹಾಡಿರೆಂದು ಕೂಗಿದ ಯುವಕನೊಬ್ಬನ ವರ್ತನೆಯಿಂದ ಬೇಸತ್ತು, ಆ ಕೂಗನ್ನು ಅದೇ ವಾರ ನಡೆದಿದ್ದ ಪಹಲ್ಗಾಮ್ ಹತ್ಯಾಕಾಂಡದೊಂದಿಗೆ ಜೋಡಿಸಿ ಅವರು ಮಾತಾಡಿದರು. ಅಷ್ಟು ಸಾಕಾಯಿತು. ಚಲನಚಿತ್ರ ವಾಣಿಜ್ಯ ಮಂಡಳಿ ಅಸಹಕಾರ ಸಾರಿತು, ಬಿಡುಗಡೆಗೆ ಸಿದ್ಧವಾಗಿದ್ದ ಚಿತ್ರವೊಂದರಿಂದ ಅವರ ಹಾಡನ್ನು ತೆಗೆಯಲಾಯಿತು, ದೂರು ದಾಖಲಾಗಿ ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಅವರೂ ಕ್ಷಮೆ ಕೇಳಿದರು.

ಈ ಮೂರು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಲಾವಿದ ಅಭಿಪ್ರಾಯ ಹೇಳಿದನೆಂಬ ಕಾರಣಕ್ಕೆ ಅಭಿಮಾನಿ ದೂರವಾಗುವುದಿಲ್ಲ. ತನ್ನದಲ್ಲದ ಅಭಿಪ್ರಾಯ ಹೇಳಿದನೆಂದು ದೂರವಾಗುತ್ತಾನೆ. ನಮಗೆ ಒಪ್ಪಿಗೆಯಾದದ್ದನ್ನು ಹಾಡುಗಾರ ಹೇಳಿದರೆ ಅದನ್ನು ನಾವು ಧೈರ್ಯವೆನ್ನುತ್ತೇವೆ, ನಾಡಪ್ರೇಮವೆನ್ನುತ್ತೇವೆ. ಒಪ್ಪಿಗೆಯಾಗದ್ದನ್ನು ಹೇಳಿದರೆ ಮಾತ್ರ ಅದು ‘ರಾಜಕೀಯ’ವಾಗುತ್ತದೆ.

ಈ ವಿಚಾರದಲ್ಲಿ ನಮ್ಮ ಮೂರು ತಾಲ್ಲೂಕುಗಳ ಅನುಭವ ಸಣ್ಣದಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಅಳತೆಯಿಂದ ಮೊದಲಾದ ಜಗಳ ಸತ್ಯಾಗ್ರಹವಾಗಿ ಬೆಳೆಯಿತು. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಹೋರಾಟಕ್ಕೆ ಆರಗದ ಶಾಂತವೇರಿ ಗೋಪಾಲಗೌಡರಂತಹ ಸಮಾಜವಾದಿಗಳು ಹೆಗಲು ಕೊಟ್ಟರು. ರಾಮಮನೋಹರ ಲೋಹಿಯಾ ಬಂದು ಸಾಗರದ ರೈಲು ನಿಲ್ದಾಣದಲ್ಲಿ ಬಂಧಿತರಾದರು. ಆ ಕಾಲದ ಸಮಾಜವಾದಿ ಯುವಕರ ಬಾಯಲ್ಲಿದ್ದ ಹಾಡು ಗೋಪಾಲಕೃಷ್ಣ ಅಡಿಗರದು. 1948ರ ‘ಕಟ್ಟುವೆವು ನಾವು’ ಸಂಕಲನದ ಹೆಸರಿನ ಕವಿತೆ. ಮುಂದೆ ಅಡಿಗರು ಸಾಗರದ ಲಾಲ್ ಬಹಾದುರ್ ಕಾಲೇಜಿನ ಪ್ರಾಂಶುಪಾಲರಾಗಿ ನಮ್ಮ ನಡುವೆಯೇ ಕೆಲವು ವರ್ಷ ಬಾಳಿದರು. 1971ರಲ್ಲಿ ಅವರು ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಅವರ ಸಮಾಜವಾದಿ ಗೆಳೆಯರಲ್ಲಿ ಹಲವರಿಗೆ ಇದು ಸುಲಭವಾಗಿ ಜೀರ್ಣವಾಗುವ ಸಂಗತಿಯಾಗಿರಲಿಲ್ಲ. ಆದರೂ ಆ ಹಾಡನ್ನು ಯಾರೂ ಕೈಬಿಡಲಿಲ್ಲ. ನಾನಾ ಬಣ್ಣದ ಬಾವುಟಗಳ ಕೆಳಗೆ ಇಂದಿಗೂ ಅದನ್ನು ಹಾಡುತ್ತಾರೆ. ಕವಿ ತನ್ನ ದಾರಿ ಹಿಡಿದ, ಹಾಡು ಜನರೊಡನೆ ಉಳಿಯಿತು. ಇದು ನಮ್ಮ ಸೀಮೆಯ ಕೇಳುಗರು ತೋರಿದ ಒಂದು ದೊಡ್ಡತನವೆಂದು ನಾನು ತಿಳಿದಿದ್ದೇನೆ.

ಹಾಗಾದರೆ ಕಲೆ ಬೇರೆ, ಕಲಾವಿದ ಬೇರೆ ಎಂದು ಹೇಳಿ ಮುಗಿಸಿಬಿಡಬಹುದೇ? ಕನ್ನಡದಲ್ಲಿ ಅದು ಅಷ್ಟು ಸುಲಭವಲ್ಲ. ನಮ್ಮ ಹಾಡುಗಾರಿಕೆಯ ಬೇರು ಇರುವುದು ವಚನಗಳಲ್ಲಿ, ದಾಸರ ಪದಗಳಲ್ಲಿ, ತತ್ವಪದಗಳಲ್ಲಿ. ಕುಲದ ಹೆಮ್ಮೆಯನ್ನು ಪ್ರಶ್ನಿಸಿದ ಕನಕದಾಸರು, ಅರಮನೆಯ ಅಧಿಕಾರದಲ್ಲಿದ್ದುಕೊಂಡೇ ಕೆಳಗಿನವರ ಜೊತೆ ನಿಂತ ಬಸವಣ್ಣನವರು, ಇವರೆಲ್ಲ ತಮ್ಮ ಕಾಲದ ವಿವಾದಗಳ ನಡುವೆ ಇದ್ದವರು. ಮತ್ತೆ, ನುಡಿ ಮತ್ತು ನಡೆ ಒಂದಾಗಿರಬೇಕೆಂಬ ಅಳತೆಗೋಲನ್ನು ನಮ್ಮ ಕೈಗೆ ಕೊಟ್ಟವರೂ ಇವರೇ. ಸಿತಾರಿನಲ್ಲಿ ಒಂದು ಆಲಾಪ ಕೇಳುವಾಗ ನುಡಿಸುವವನ ಅಭಿಪ್ರಾಯ ಏನೆಂದು ನಾನು ಕೇಳಬೇಕಾಗಿಲ್ಲ. ಸ್ವರಕ್ಕೆ ಅರ್ಥದ ಹಂಗಿಲ್ಲ. ಆದರೆ ದಯೆಯನ್ನು ಕುರಿತ ವಚನವೊಂದನ್ನು ಕಣ್ಣು ಮುಚ್ಚಿ ಹಾಡಿ, ವೇದಿಕೆಯಿಂದ ಇಳಿದ ಮೇಲೆ ಒಂದು ಸಮುದಾಯವನ್ನೇ ಹೀಯಾಳಿಸಿ ಮಾತಾಡುವ ಗಾಯಕನ ವಿಷಯದಲ್ಲಿ ಹಾಗೆ ಸುಮ್ಮನಿರುವುದು ಕಷ್ಟ. ಅವನ ಶ್ರುತಿ ಸರಿಯಾಗಿಯೇ ಇರಬಹುದು. ಹಾಡಿನ ಮಾತು ಮಾತ್ರ ನಮ್ಮ ಕಿವಿಯಲ್ಲಿ ಟೊಳ್ಳಾಗುತ್ತದೆ. ಅಂತಹ ಕೇಳುಗ ಎದ್ದುಹೋದರೆ ಅವನನ್ನು ಅಸಹಿಷ್ಣು ಎನ್ನಲಾರೆ.

ಎಂದ ಮೇಲೆ ಪ್ರಶ್ನೆ ಇಷ್ಟೇ: ಕೇಳುಗನ ಮುನಿಸಿನ ಎಲ್ಲೆ ಯಾವುದು? ಎದ್ದುಹೋಗುವುದು ನನ್ನ ಹಕ್ಕು. ಟಿಕೆಟ್ಟು ಕೊಳ್ಳದಿರುವುದು ನನ್ನ ಹಕ್ಕು. ಪತ್ರಿಕೆಗೆ ಕಾಗದ ಬರೆದು ಅವನ ಮಾತನ್ನು ಖಂಡಿಸುವುದೂ ನನ್ನ ಹಕ್ಕೇ. ನಾಗರಿಕನಾಗಿ ಮಾತಾಡಿದ ಕಲಾವಿದ ನಾಗರಿಕರ ಉತ್ತರವನ್ನು ಎದುರಿಸಲೇಬೇಕು; ಆಗ ತಂಬೂರಿಯನ್ನು ಗುರಾಣಿಯಂತೆ ಹಿಡಿದುಕೊಳ್ಳಬಾರದು. ಆದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತವನೂ ಕೇಳಬಾರದೆಂದು ಸಭಾಂಗಣಕ್ಕೇ ಬೀಗ ಹಾಕಿಸಲು ಹೊರಟಾಗ ನಾನು ಕೇಳುಗನ ಸ್ಥಾನವನ್ನು ಬಿಟ್ಟು ದೊರೆಯ ಸ್ಥಾನಕ್ಕೆ ಏರಿರುತ್ತೇನೆ. ದೊರೆಗಳ ರೀತಿ ಹೇಗಿರುತ್ತದೆಂದು ನಾವು ಕಂಡಿದ್ದೇವೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸರ್ಕಾರದ ಪ್ರಚಾರಕ್ಕೆ ಸಹಕರಿಸಲಿಲ್ಲವೆಂದು ಕಿಶೋರ್ ಕುಮಾರ್ ಅವರ ಹಾಡುಗಳನ್ನು ಇದೇ ಬಾನುಲಿಯಿಂದ ದೂರವಿಟ್ಟರು. ಅಂದು ಆ ಗಾಯಕರು ಯಾವ ಭಾಷಣವನ್ನೂ ಮಾಡಿರಲಿಲ್ಲ, ಒಲ್ಲೆನೆಂದಿದ್ದರು, ಅಷ್ಟೆ. ಶಿಕ್ಷೆ ಅವರೊಬ್ಬರಿಗೆ ಆಗಲಿಲ್ಲ, ರೇಡಿಯೋ ಮುಂದೆ ಕುಳಿತ ಕೋಟಿ ಕೇಳುಗರಿಗೂ ಆಯಿತು.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಒಂದು ಸಣ್ಣ ಸಂಗೀತ ಸಭೆಯೊಡನೆ ನನಗೆ ಬಹುಕಾಲದ ಸಂಬಂಧವಿದೆ. ಕೆಲವು ವರ್ಷಗಳ ಹಿಂದೆ, ಕರೆಸಬೇಕೆಂದು ನಿಶ್ಚಯಿಸಿದ್ದ ಗಾಯಕರೊಬ್ಬರು ಎಲ್ಲೋ ಆಡಿದ ಮಾತು ಪತ್ರಿಕೆಯಲ್ಲಿ ಬಂದದ್ದೇ, ಚಂದಾ ಕೊಡುವವರಲ್ಲಿ ಕೆಲವರು ಕೈ ಹಿಂದಕ್ಕೆ ತೆಗೆದರು. ಕಾರ್ಯಕ್ರಮ ನಿಂತಿತು. ಆ ಗಾಯಕರಿಗೆ ಅದರಿಂದ ಹೆಚ್ಚು ನಷ್ಟವಾದಂತೆ ಕಾಣಲಿಲ್ಲ. ಮರುವಾರವೇ ದೊಡ್ಡ ಊರೊಂದರಲ್ಲಿ ಹಾಡಿದರು. ನಷ್ಟವಾದದ್ದು ನಮ್ಮ ಊರಿನ ತಬಲಾ ವಾದಕರಿಗೆ, ಹಾರ್ಮೋನಿಯಂ ಮೇಷ್ಟರಿಗೆ, ಧ್ವನಿವರ್ಧಕದವನಿಗೆ. ಅವರು ಯಾವ ಅಭಿಪ್ರಾಯವನ್ನೂ ಹೇಳಿರಲಿಲ್ಲ. ಹೆಸರಾಂತ ಕಲಾವಿದ ಒಂದು ಬಗೆಯ ಅಭಿಮಾನಿಗಳನ್ನು ಕಳೆದುಕೊಂಡರೆ ಇನ್ನೊಂದು ಬಗೆಯವರನ್ನು ಸಂಪಾದಿಸುತ್ತಾನೆ. 2024ರಲ್ಲಿ ಟಿ. ಎಂ. ಕೃಷ್ಣ ಅವರಿಗೆ ಮದರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಗೌರವವನ್ನು ಘೋಷಿಸಿದಾಗ ಕೆಲವು ಸಂಗೀತಗಾರರೇ ಅಕಾಡೆಮಿಯ ಕಛೇರಿಗಳಿಂದ ಹಿಂದೆ ಸರಿದರು; ಸಂಗೀತವನ್ನು ಹೆಚ್ಚು ಕೇಳದ ಎಷ್ಟೋ ಮಂದಿ ಅವರ ಪರವಾಗಿ ನಿಂತರು. ಆದರೆ ವರ್ಷಕ್ಕೆ ಹತ್ತು ಕಛೇರಿಗಳನ್ನು ನಂಬಿ ಬದುಕುವ ಪಕ್ಕವಾದ್ಯದವನಿಗೆ, ಬಯಲಾಟದ ಭಾಗವತನಿಗೆ ಈ ಲೆಕ್ಕಾಚಾರದ ಅನುಕೂಲವಿಲ್ಲ. ಊರಿನ ನಾಲ್ಕು ಮನೆಯವರು ಮುನಿದರೆ ಅವನ ಆಟ ನಿಂತಂತೆಯೇ. ಅದಕ್ಕಾಗಿಯೇ ಅವನು ಸುಮ್ಮನಿರುತ್ತಾನೆ. ಆ ಮೌನವನ್ನು ನಾವು ‘ಶುದ್ಧ ಕಲೆ’ ಎಂದು ಹೊಗಳುವುದು ನ್ಯಾಯವಲ್ಲ.

ದೀಪಾವಳಿಯ ರಾತ್ರಿಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಅಂಟಿಗೆ-ಪಂಟಿಗೆಯ ತಂಡದವರು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಬರುತ್ತಾರೆ. ಒಡೆಯನ ಮನೆಗೂ ಹೋಗುತ್ತಾರೆ, ಒಕ್ಕಲಿನ ಮನೆಗೂ ಹೋಗುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ ಕಾಯಿ ಕೊಟ್ಟು ಕಳಿಸುತ್ತಾರೆ. ಆ ತಂಡದಲ್ಲಿರುವವರು ಚುನಾವಣೆಯಲ್ಲಿ ಬೇರೆ ಬೇರೆ ಪಕ್ಷಗಳಿಗೆ ದುಡಿದವರೇ, ಅದು ಊರಿಗೆಲ್ಲ ಗೊತ್ತು. ಮರುದಿನ ಗದ್ದೆಯ ಬದುವಿನ ಮೇಲೆ ಅವರೊಡನೆ ಜಗಳವಾಡುವವರೂ ಹಿಂದಿನ ರಾತ್ರಿ ಬಾಗಿಲು ತೆರೆದಿರುತ್ತಾರೆ. ಹಾಡುಗಾರನ ಬಾಯಿ ಕಟ್ಟದೆಯೂ ಅವನೊಡನೆ ಜಗಳವಾಡಬಹುದೆಂದು ಈ ಮಲೆನಾಡಿನ ಜನಕ್ಕೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮುಂದಿನ ಸಲ ನಮ್ಮ ಊರಿನ ಸಭೆಯಲ್ಲಿ ಯಾರನ್ನು ಕರೆಸಬೇಕೆಂಬ ಮಾತು ಬಂದಾಗ, ಮೊದಲು ಅವರ ಹಾಡು ಹೇಗಿದೆಯೆಂದು ಕೇಳೋಣ. ಅವರ ಮಾತು ಒಪ್ಪಿಗೆಯಾಗದಿದ್ದರೆ ಹಾಡು ಮುಗಿದ ಮೇಲೆ, ಕಾಫಿ ಕುಡಿಯುವಾಗ, ಎದುರಿಗೇ ಕುಳಿತು ಹೇಳೋಣ.