ಆಟದ ಗಾಯ ಮತ್ತು ಅದು ಮಾಯುವ ಬಗೆ

(ಪುಣೆ ಸಮೀಪದ ಹಿಂಜವಾಡಿಯಲ್ಲಿ ನೆಲೆಸಿರುವ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಉದ್ಯೋಗವನ್ನು ಅರಸಿ ಕರ್ನಾಟಕದ ನಾನಾ ಭಾಗಗಳಿಂದ ಬಂದು ಈ ಹಿಂಜವಾಡಿಯಲ್ಲಿ ನೆಲೆಸಿರುವ ತಮ್ಮೆಲ್ಲರ ಮುಂದೆ ಕನ್ನಡದಲ್ಲಿ ಮಾತನಾಡುವ ಅವಕಾಶ ದೊರೆತಿರುವುದು ಸಂತೋಷದ ಸಂಗತಿ. ನಾನು ವೈದ್ಯನಲ್ಲ, ಸರ್ಕಾರದ ಅನುವಾದಕ. ಆದುದರಿಂದ ಯಾರಿಗೂ ಚಿಕಿತ್ಸೆ ಹೇಳುವುದು ನನ್ನ ಉದ್ದೇಶವಲ್ಲ. ಆಟದ ಸಂದರ್ಭದಲ್ಲಿ ದೇಹದ ಅಂಗಾಂಶಗಳಿಗೆ ಪೆಟ್ಟಾದಾಗ ಒಳಗೆ ಏನು ನಡೆಯುತ್ತದೆ, ಆ ಪೆಟ್ಟು ಹೇಗೆ ಮಾಯುತ್ತದೆ ಎಂಬುದನ್ನು ಕುರಿತು ವೈದ್ಯವಿಜ್ಞಾನ ಕಂಡುಕೊಂಡಿರುವ ಸಂಗತಿಗಳನ್ನು ನಮ್ಮ ಭಾಷೆಯಲ್ಲಿ ನಿಮ್ಮ ಮುಂದಿಡುವುದಷ್ಟೇ ನನ್ನ ಕೆಲಸ.

ಗಹುಂಜೆಯ ಒಂದು ಅಪರಾಹ್ನ

ಈ ಪ್ರದೇಶ ಕ್ರೀಡೆಗೆ ಹೊಸದೇನಲ್ಲ. ನೆರೆಯ ಬಾಲೇವಾಡಿಯ ಶ್ರೀ ಶಿವ ಛತ್ರಪತಿ ಕ್ರೀಡಾ ಸಂಕೀರ್ಣವು 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ನಿರ್ಮಾಣಗೊಂಡು, 2008ರಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟಕ್ಕೂ ಆತಿಥ್ಯ ನೀಡಿತು. ಇಲ್ಲಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಗಹುಂಜೆಯ ಕ್ರಿಕೆಟ್ ಕ್ರೀಡಾಂಗಣವಿದೆ. 2023ರ ಅಕ್ಟೋಬರ್ 19ರಂದು ಅಲ್ಲಿ ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ ವಿಶ್ವಕಪ್ ಪಂದ್ಯ ನಡೆಯಿತು. ಬೌಲ್ ಮಾಡುತ್ತಿದ್ದ ಹಾರ್ದಿಕ್ ಪಾಂಡ್ಯ ತಮ್ಮ ಮೊದಲ ಓವರಿನ ಮೂರನೆಯ ಚೆಂಡನ್ನು ಎಸೆದು, ಎದುರಾಳಿ ನೇರವಾಗಿ ಹೊಡೆದ ಹೊಡೆತವನ್ನು ಕಾಲಿನಿಂದ ತಡೆಯಲು ಹೋಗಿ ಜಾರಿದರು. ಎಡಗಾಲಿನ ಹರಡು ಹೊರಳಿತು. ಉಳಿದ ಮೂರು ಚೆಂಡುಗಳನ್ನು ವಿರಾಟ್ ಕೊಹ್ಲಿ ಎಸೆದು ಓವರನ್ನು ಮುಗಿಸಬೇಕಾಯಿತು. ಪಾಂಡ್ಯ ಆ ವಿಶ್ವಕಪ್‌ನಲ್ಲಿ ಮತ್ತೆ ಆಡಲಿಲ್ಲ.

ನವೆಂಬರ್ 4ರಂದು ಅವರ ಸ್ಥಾನಕ್ಕೆ ಕರೆಸಿಕೊಂಡದ್ದು ಕರ್ನಾಟಕದ ವೇಗದ ಬೌಲರ್ ಪ್ರಸಿದ್ಧ ಕೃಷ್ಣ ಅವರನ್ನು. ಅವರೂ ಬೆನ್ನುಮೂಳೆಯ ಸೀಳಿನಿಂದ ಸುಮಾರು ಒಂದು ವರ್ಷ ಕಾಲ ಆಟದಿಂದ ದೂರವಿದ್ದು, ಅದೇ ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ಭಾರತದ ಪರ ಮರಳಿದ್ದರು. ಗಹುಂಜೆಯಲ್ಲಿ ಅಂದು ವಿಕೆಟ್ ಕೀಪರ್ ಆಗಿದ್ದ ನಮ್ಮ ಕೆ. ಎಲ್. ರಾಹುಲ್ ಅವರ ಕಥೆಯೂ ಅಂಥದ್ದೇ. ಮೇ ತಿಂಗಳಿನಲ್ಲಿ ಲಖನೌದಲ್ಲಿ ತೊಡೆಗೆ ಪೆಟ್ಟಾಗಿ, ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಅವರು, ನಾಲ್ಕು ತಿಂಗಳ ನಂತರ ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ಓಟಗಳೊಡನೆ ಹಿಂದಿರುಗಿದ್ದರು.

ಒಂದೇ ತಂಡ, ಮೂರು ಗಾಯಗಳು. ಅತ್ಯುತ್ತಮ ಚಿಕಿತ್ಸೆ ಮೂವರಿಗೂ ಲಭ್ಯವಿತ್ತು. ಆದರೂ ಮೂವರಿಗೂ ತಗುಲಿದ ಕಾಲ ಬೇರೆ ಬೇರೆ. ಪೆಟ್ಟಿನ ತೀವ್ರತೆಯ ಜೊತೆಗೆ, ಪೆಟ್ಟು ಬಿದ್ದ ಅಂಗಾಂಶ ಯಾವುದು ಎಂಬುದೂ ಇದಕ್ಕೆ ಮುಖ್ಯ ಕಾರಣ.

ಮಾಯುವಿಕೆಯ ಮೂರು ಹಂತಗಳು

ಅಂಗಾಂಶ ಯಾವುದೇ ಇರಲಿ, ದುರಸ್ತಿಯ ಕ್ರಮ ಬಹುಮಟ್ಟಿಗೆ ಒಂದೇ. ಪೆಟ್ಟಾದ ಕ್ಷಣದಲ್ಲಿ ಸಣ್ಣ ರಕ್ತನಾಳಗಳು ಹರಿಯುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ. ಆನಂತರ ಉರಿಯೂತ ಆರಂಭವಾಗುತ್ತದೆ. ಕೆಂಪು, ಬಿಸಿ, ಊತ, ನೋವು ಇವು ಅದರ ಲಕ್ಷಣಗಳು. ಜನಸಾಮಾನ್ಯರು ಇದನ್ನೇ ರೋಗವೆಂದು ಭಾವಿಸುವುದುಂಟು. ವಾಸ್ತವವಾಗಿ ಇದು ದುರಸ್ತಿಯ ಮೊದಲ ಹೆಜ್ಜೆ. ರಕ್ತದ ಬಿಳಿಯ ಕಣಗಳು ಧಾವಿಸಿ ಬಂದು, ಸತ್ತ ಕೋಶಗಳನ್ನು ತೆರವುಗೊಳಿಸಿ, ಮುಂದಿನ ಕೆಲಸಕ್ಕೆ ಜಾಗ ಸಿದ್ಧಪಡಿಸುತ್ತವೆ. ಸಾಮಾನ್ಯವಾಗಿ ಇದು ಕೆಲವು ದಿನಗಳ ಅವಧಿ.

ಎರಡನೆಯದು ಹೊಸ ಅಂಗಾಂಶ ಬೆಳೆಯುವ ಹಂತ. ತಂತುಕೋಶಗಳು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ನೇಯುತ್ತವೆ. ಮೊದಲು ಬರುವ ಎಳೆಗಳು ತೆಳುವಾದವು, ಅವುಗಳಿಗೆ ಕ್ರಮವೆಂಬುದಿಲ್ಲ. ಹಳ್ಳಿಯ ಮನೆಯಲ್ಲಿ ಮಳೆಗಾಲಕ್ಕೆ ಮುನ್ನ ತರಾತುರಿಯಲ್ಲಿ ಹೊದಿಸಿದ ಸೋಗೆಯಂತೆ ಇದು ಸದ್ಯದ ರಕ್ಷಣೆ ಮಾತ್ರ. ಕೆಲವು ವಾರಗಳ ಕಾಲ ಈ ಕೆಲಸ ನಡೆಯುತ್ತದೆ.

ಮೂರನೆಯದು ಪುನಾರಚನೆಯ ಹಂತ. ದುರ್ಬಲ ಎಳೆಗಳು ಕರಗಿ, ಅವುಗಳ ಸ್ಥಾನದಲ್ಲಿ ದಪ್ಪ ಎಳೆಗಳು ಬಂದು, ಬಲ ಬೀಳುವ ದಿಕ್ಕಿಗೆ ಅನುಗುಣವಾಗಿ ಸಾಲುಗಟ್ಟುತ್ತವೆ. ಇದು ತಿಂಗಳುಗಳ ಕೆಲಸ. ಕೆಲವೊಮ್ಮೆ ವರ್ಷಕ್ಕೂ ಮೀರುತ್ತದೆ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ನೋವು ಬಹುಪಾಲು ಮೊದಲ ಹಂತದ ಲಕ್ಷಣ. ಎರಡನೆಯ ಹಂತದಲ್ಲಿಯೇ ಅದು ಇಳಿಮುಖವಾಗುತ್ತದೆ. ಅಂದರೆ ನೋವು ನಿಂತ ದಿನ ಗಾಯ ಮಾಯ್ದಿರುವುದಿಲ್ಲ, ಸೋಗೆ ಹೊದಿಸಿರುತ್ತದೆ, ಅಷ್ಟೆ. ಎಷ್ಟೋ ಆಟಗಾರರು ಮತ್ತೆ ಗಾಯಗೊಳ್ಳುವುದು ಈ ನಡುಗಾಲದಲ್ಲಿಯೇ. ಹಿಂದೆ ಗಾಯವಾಗಿರುವುದೇ ಮುಂದಿನ ಗಾಯಕ್ಕೆ ಪ್ರಬಲವಾದ ಕಾರಣಗಳಲ್ಲೊಂದು ಎಂಬುದನ್ನು ಕ್ರೀಡಾವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ.

ಮಾಯ್ದ ಕಲೆಯೂ ಜೀವಂತ ವಸ್ತು ಎಂಬುದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. 1740ರಿಂದ 1744ರವರೆಗೆ ಇಂಗ್ಲೆಂಡಿನ ಜಾರ್ಜ್ ಆನ್ಸನ್ ನಡೆಸಿದ ನೌಕಾಯಾತ್ರೆಯಲ್ಲಿ ತಾಜಾ ಹಣ್ಣು ತರಕಾರಿ ಸಿಗದೆ ನಾವಿಕರಿಗೆ ಸ್ಕರ್ವಿ ತಗುಲಿತು. ಸುಮಾರು ಐವತ್ತು ವರ್ಷಗಳ ಹಿಂದೆ ಯುದ್ಧವೊಂದರಲ್ಲಿ ಗಾಯಗೊಂಡು ಪೂರ್ಣವಾಗಿ ಗುಣಹೊಂದಿದ್ದ ಮುದುಕನೊಬ್ಬನ ಹಳೆಯ ಗಾಯಗಳು ಆಗ ಮತ್ತೆ ಬಾಯ್ದೆರೆದವು. ಕೊಲಾಜೆನ್ ನಿರ್ಮಾಣಕ್ಕೆ ಸಿ ಜೀವಸತ್ವ ಅನಿವಾರ್ಯ. ಅದು ಇಲ್ಲವಾದಾಗ ಹಳೆಯ ಬೆಸುಗೆಯೂ ಸಡಿಲವಾಯಿತು. ನೆಲ್ಲಿಕಾಯಿ, ಸೀಬೆ, ನಿಂಬೆಗಳಷ್ಟೇ ಅಲ್ಲ, ಬೇಳೆ, ಹಾಲು, ಮೊಟ್ಟೆಗಳಂತಹ ಪ್ರೋಟೀನುಯುಕ್ತ ಆಹಾರವೂ ಗಾಯಾಳುವಿಗೆ ಅಗತ್ಯ. ಧೂಮಪಾನ ಮತ್ತು ಹತೋಟಿಯಲ್ಲಿರದ ಮಧುಮೇಹ ಮಾಯುವಿಕೆಯನ್ನು ನಿಧಾನಗೊಳಿಸುತ್ತವೆ.

ಅಂಗಾಂಶಕ್ಕೊಂದು ಗತಿ

ಸ್ನಾಯು ಅಥವಾ ಮಾಂಸಖಂಡಕ್ಕೆ ರಕ್ತದ ಪೂರೈಕೆ ಹೇರಳ. ಅದರ ಎಳೆಗಳ ಅಂಚಿನಲ್ಲಿ ಹೊಸ ಎಳೆಗಳನ್ನು ಹುಟ್ಟಿಸಬಲ್ಲ ಕೋಶಗಳು ಸುಪ್ತವಾಗಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೋ ಇವನ್ನು ಗುರುತಿಸಿದರು. ಈ ಕಾರಣದಿಂದ ಸಣ್ಣ ಸ್ನಾಯುಸೆಳೆತ ಎರಡು ಮೂರು ವಾರಗಳಲ್ಲಿ ಸರಿಹೋಗಬಹುದು. ಆಳವಾಗಿ ಹರಿದರೆ ತಿಂಗಳುಗಳೇ ಬೇಕು.

ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಕಟ್ಟುವ ಅಸ್ಥಿರಜ್ಜು ಇವೆರಡಕ್ಕೂ ರಕ್ತದ ಪೂರೈಕೆ ಕಡಿಮೆ. ನಾವು ಉಳುಕು ಎನ್ನುವುದು ಅಸ್ಥಿರಜ್ಜುವಿನ ಗಾಯವನ್ನು. ಎಳೆಗಳು ಹಿಗ್ಗಿದರೆ ಮೊದಲ ದರ್ಜೆ, ಭಾಗಶಃ ಹರಿದರೆ ಎರಡನೆಯದು, ಪೂರ್ಣ ತುಂಡಾದರೆ ಮೂರನೆಯದು. "ಬರೀ ಉಳುಕು" ಎಂಬ ಮಾತಿನಲ್ಲಿ ಈ ಮೂರೂ ಅಡಗಿರುವುದರಿಂದ ಆ ಮಾತು ಅಪಾಯಕಾರಿ. ಮಂಡಿಯ ಒಳಗಿನ ಮುಂಭಾಗದ ಅಸ್ಥಿರಜ್ಜು ಪೂರ್ಣ ತುಂಡಾದರೆ ಅದು ತಾನಾಗಿ ಕೂಡಿಕೊಳ್ಳುವುದು ಕಷ್ಟ. ಹಲವರಿಗೆ ದೇಹದ ಬೇರೆ ಭಾಗದ ರಜ್ಜುವನ್ನು ತೆಗೆದು ಕಸಿಮಾಡಬೇಕಾಗುತ್ತದೆ. ಅಂತಹವರು ಆಟಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಕಾಯುವುದು ಲೇಸೆಂದು ತಜ್ಞರ ಅಭಿಪ್ರಾಯ.

ಮೂಳೆಗೆ ಒಂದು ವಿಶೇಷ ಶಕ್ತಿಯುಂಟು. ಇತರ ಅಂಗಾಂಶಗಳು ಬಹುಮಟ್ಟಿಗೆ ಕಲೆ ಉಳಿಸಿ ಮಾಯ್ದರೆ, ಮೂಳೆ ಮೂಳೆಯಾಗಿಯೇ ಮತ್ತೆ ಬೆಳೆಯುತ್ತದೆ. ಆದರೆ ಒಂದು ಪೆಟ್ಟಿಗೆ ಮುರಿಯದ ಮೂಳೆ, ಸಾವಿರಾರು ಸಣ್ಣ ಹೊರೆಗಳಿಗೆ ಸೀಳುವುದುಂಟು. 1855ರಲ್ಲಿ ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ದೀರ್ಘ ನಡಿಗೆ ಮಾಡಿದ ಸೈನಿಕರ ಪಾದಗಳಲ್ಲಿನ ನೋವು ಮತ್ತು ಊತವನ್ನು ವರ್ಣಿಸಿದ್ದರು. ಅದು ಇಂತಹ ಸೀಳೆಂಬುದು ಕ್ಷಕಿರಣ ಬಂದ ಮೇಲೆ ತಿಳಿಯಿತು. ವೇಗದ ಬೌಲರುಗಳ ಬೆನ್ನುಮೂಳೆಯಲ್ಲಿ ಆಗುವುದೂ ಇದೇ. ದುರಸ್ತಿಗಿಂತ ಸವಕಳಿ ಮುಂದೋಡಿದಾಗ ಮೂಳೆ ಸೋಲುತ್ತದೆ. ಇದಕ್ಕೆ ಹೊರೆ ಇಳಿಸುವುದೇ ಮೊದಲ ಮದ್ದು.

ಇನ್ನು ಕೀಲಿನೊಳಗಿನ ಮೃದ್ವಸ್ಥಿ. ಅದರಲ್ಲಿ ರಕ್ತನಾಳಗಳೇ ಇಲ್ಲ. ಒಮ್ಮೆ ನಾಶವಾದ ಮೃದ್ವಸ್ಥಿ ಮತ್ತೆ ಬಾರದೆಂದು 1743ರಲ್ಲಿಯೇ ಲಂಡನ್ನಿನ ವಿಲಿಯಂ ಹಂಟರ್ ಹೇಳಿದ್ದರು. ಅಂದಿನಿಂದ ಶಸ್ತ್ರಚಿಕಿತ್ಸೆ ಬಹಳ ಮುಂದುವರಿದಿದ್ದರೂ, ಮೂಲದಷ್ಟೇ ಉತ್ತಮವಾದ ಮೃದ್ವಸ್ಥಿಯನ್ನು ಮರಳಿ ಬೆಳೆಸುವುದು ಇಂದಿಗೂ ಕಷ್ಟಸಾಧ್ಯ.

ಮೊದಲ ಎರಡು ದಿನಗಳು

ನಮ್ಮಲ್ಲಿ ಕಾಲು ಉಳುಕಿದೊಡನೆ ಎಣ್ಣೆ ಹಚ್ಚಿ ಬಲವಾಗಿ ನೀವುವ, ಬಿಸಿನೀರಿನ ಶಾಖ ಕೊಡುವ ರೂಢಿ ಇದೆ. ಪ್ರೀತಿಯಿಂದಲೇ ಮಾಡುವ ಈ ಉಪಚಾರ ಮೊದಲ ಎರಡು ದಿನ ಬೇಡ. ಆಗ ಒಳಗಿನ ರಕ್ತನಾಳಗಳು ಇನ್ನೂ ಮುಚ್ಚಿರುವುದಿಲ್ಲ. ನೀವುವುದರಿಂದಲೂ ಶಾಖದಿಂದಲೂ ರಕ್ತಸ್ರಾವ ಮತ್ತು ಊತ ಹೆಚ್ಚಬಹುದು. ಗಾಯದ ಭಾಗಕ್ಕೆ ಭಾರ ಬೀಳದಂತೆ ನೋಡಿಕೊಳ್ಳುವುದು, ಹಿಗ್ಗುವ ಪಟ್ಟಿಯನ್ನು ಹಿತವಾಗಿ ಸುತ್ತುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡುವುದು ಸಾಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ನೋವನ್ನು ತಗ್ಗಿಸುತ್ತದೆ. 1978ರಲ್ಲಿ ವಿಶ್ರಾಂತಿ ಮತ್ತು ಮಂಜುಗಡ್ಡೆಯ ಸೂತ್ರವನ್ನು ಪ್ರಚುರಪಡಿಸಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ, ಅದರ ಅತಿಬಳಕೆಯಿಂದ ಮಾಯುವಿಕೆ ತಡವಾಗಬಹುದೆಂದು 2014ರಲ್ಲಿ ತಿದ್ದಿಕೊಂಡರು. ಆದುದರಿಂದ ಅದನ್ನು ಮಿತವಾಗಿ ಬಳಸುವುದು ಯುಕ್ತ.

ವೈದ್ಯರ ಬಳಿಗೆ ಹೋಗಬೇಕಾದುದು ಯಾವಾಗ? ಹರಡಿನ ಗಾಯದಲ್ಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಹರಡಿನ ಎಲುಬಿನ ಗುಬುಟುಗಳ ಹಿಂಬದಿಯನ್ನು ಒತ್ತಿದಾಗ ನೋವಾದರೆ ಕ್ಷಕಿರಣ ಪರೀಕ್ಷೆ ಅಗತ್ಯ. 1992ರಲ್ಲಿ ಕೆನಡದ ಆಟವಾ ನಗರದಲ್ಲಿ ರೂಪುಗೊಂಡ ಈ ನಿಯಮವನ್ನು ಈಗ ಅನೇಕ ದೇಶಗಳಲ್ಲಿ ಪಾಲಿಸುತ್ತಾರೆ. ಅಂಗ ಸೊಟ್ಟಗಾಗಿದ್ದರೆ, ಜೋಮು ಹಿಡಿದರೆ, ಕೀಲು ಪದೇ ಪದೇ ಜಾರುತ್ತಿದ್ದರೆ ತಡಮಾಡಬಾರದು. ತಲೆಗೆ ಪೆಟ್ಟಾಗಿ ಕ್ಷಣಕಾಲವಾದರೂ ಮಂಕು ಕವಿದವನನ್ನು ಆ ದಿನ ಮತ್ತೆ ಆಡಿಸಲೇಬಾರದು.

ವಿಶ್ರಾಂತಿಯೆಂದರೆ ಮಲಗಿರುವುದಲ್ಲ

ಗಾಯದ ಹೆದರಿಕೆಯಿಂದ ವಾರಗಟ್ಟಲೆ ಅಲುಗಾಡದಿರುವುದೂ ತಪ್ಪು. ಕೊಲಾಜೆನ್ ಎಳೆಗಳಿಗೆ ದಿಕ್ಕು ತೋರಿಸುವುದು ಹಿತಮಿತವಾದ ಹೊರೆ. ಮೂಳೆಯೂ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆಂದು ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲಿ ಪ್ರತಿಪಾದಿಸಿದರು. ಆದುದರಿಂದ ವೈದ್ಯರ ಅಥವಾ ಭೌತಚಿಕಿತ್ಸಕರ ಸಲಹೆಯಂತೆ ಮೊದಲು ಚಲನೆ, ಆಮೇಲೆ ಬಲ, ಬಳಿಕ ಒಂಟಿಕಾಲಿನ ಸಮತೋಲನ, ಅನಂತರ ಓಟ, ಕಡೆಗೆ ಆಟ, ಈ ಕ್ರಮವನ್ನು ಅನುಸರಿಸಬೇಕು. ಪೆಟ್ಟಾದ ಕಾಲು ಇನ್ನೊಂದು ಕಾಲಿನಷ್ಟೇ ಬಲವಾಗಿ, ನಿರ್ಭಯವಾಗಿ ಕೆಲಸ ಮಾಡುವುದೇ ಮರಳುವ ಅರ್ಹತೆ. ಪಂಚಾಂಗದ ದಿನಾಂಕವೊಂದೇ ಅಲ್ಲ, ನೋವಿಲ್ಲದಿರುವುದೊಂದೇ ಅಲ್ಲ.

ವಾರದ ಐದು ದಿನ ಕುರ್ಚಿಯಲ್ಲಿ ಕುಳಿತು, ಭಾನುವಾರ ಬೆಳಿಗ್ಗೆ ಒಮ್ಮೆಗೇ ಬ್ಯಾಟು ಹಿಡಿದು ಓಡುವ ಹಿಂಜವಾಡಿಯ ಮಿತ್ರರಲ್ಲಿ ಒಂದು ಬಿನ್ನಹ. ಸ್ನಾಯುರಜ್ಜುಗಳು ಹೊರೆಗೆ ಹೊಂದಿಕೊಳ್ಳುವುದು ನಿಧಾನವಾಗಿ. ವಾರದ ನಡುವೆ ಎರಡು ಮೂರು ದಿನ ನಡಿಗೆ, ಬೈಠಕ್, ಹಿಮ್ಮಡಿ ಎತ್ತುವ ವ್ಯಾಯಾಮಗಳನ್ನು ಮಾಡಿ, ಆಟಕ್ಕೆ ಮುನ್ನ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿರಿ.

ಅದಕ್ಕಿಂತ ಮುಖ್ಯವಾದುದು ಮಕ್ಕಳ ವಿಷಯ. ಬೆಳೆಯುವ ಮಕ್ಕಳ ಮೂಳೆಯ ತುದಿಗಳಲ್ಲಿ ಮೃದುವಾದ ಬೆಳವಣಿಗೆಯ ಪದರವಿರುತ್ತದೆ. ದೊಡ್ಡವರಿಗೆ ಉಳುಕಾಗುವ ಹೊರಳುವಿಕೆ ಮಕ್ಕಳಲ್ಲಿ ಆ ಪದರಕ್ಕೆ ಧಕ್ಕೆ ತರಬಹುದು. ಆಯ್ಕೆ ಪಂದ್ಯ ತಪ್ಪೀತೆಂಬ ಭಯದಿಂದ ಮಗು ನೋವನ್ನು ಬಚ್ಚಿಡುತ್ತದೆ. ಕುಂಟುತ್ತಿರುವ ಮಗುವಿಗೆ "ಗಟ್ಟಿಯಾಗು" ಎನ್ನುವ ತಂದೆ, ನೋವಿನ ಗುಳಿಗೆ ನುಂಗಿಸಿ ಕಣಕ್ಕಿಳಿಸುವ ತರಬೇತುದಾರ, ಇಬ್ಬರೂ ಒಂದು ಪಂದ್ಯಕ್ಕಾಗಿ ಒಂದು ಕೀಲನ್ನು ಒತ್ತೆ ಇಡುತ್ತಿದ್ದಾರೆ. ನೋವಿದೆಯೆಂದು ಹೇಳಿದ ಮಗುವನ್ನು ತಂಡದಿಂದ ಕೈಬಿಡುವುದಿಲ್ಲವೆಂಬ ಭರವಸೆ ಪ್ರತಿ ಮೈದಾನದಲ್ಲಿಯೂ ಇರಬೇಕು.

ಗಹುಂಜೆಯಲ್ಲಿ ಕುಂಟುತ್ತ ಹೊರನಡೆದ ಹಾರ್ದಿಕ್ ಪಾಂಡ್ಯ ಸ್ವದೇಶದ ವಿಶ್ವಕಪ್‌ನ ಉಳಿದ ಪಂದ್ಯಗಳನ್ನು ಬಿಟ್ಟುಕೊಡಬೇಕಾಯಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಟಿ-20 ವಿಶ್ವಕಪ್ಪಿನ ಅಂತಿಮ ಪಂದ್ಯದ ಕೊನೆಯ ಓವರನ್ನು ಎಸೆದು ಭಾರತವನ್ನು ಗೆಲ್ಲಿಸಿದವರಲ್ಲಿ ಅವರೂ ಒಬ್ಬರು. ಪ್ರಸಿದ್ಧ ಕೃಷ್ಣ 2024ರ ಫೆಬ್ರವರಿಯಲ್ಲಿ ತೊಡೆಯ ಸ್ನಾಯುರಜ್ಜುವಿನ ಶಸ್ತ್ರಚಿಕಿತ್ಸೆಗೆ ಮತ್ತೊಮ್ಮೆ ಒಳಗಾಗಿ, ಆ ವರ್ಷದ ಐಪಿಎಲ್ ಪೂರ್ತಿ ಹೊರಗುಳಿದರು. 2025ರಲ್ಲಿ ಅದೇ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಪಡೆದರು. ಆಟದ ಕಾಲಪಟ್ಟಿಯನ್ನು ಮನುಷ್ಯ ಬದಲಿಸಬಲ್ಲ. ಅಂಗಾಂಶದ ಕಾಲಪಟ್ಟಿಯನ್ನು ಬದಲಿಸಲಾಗದು. ಅದನ್ನು ಗೌರವಿಸಿ, ನಮ್ಮ ಮಕ್ಕಳಿಗೂ ಗೌರವಿಸಲು ಕಲಿಸೋಣ.