ಪಗಾರ ಎಷ್ಟು ಅಂತ ಮೊದಲು ಹೇಳಿ

 

ನಿಮ್ಮ ಏರಿಯಾದಲ್ಲಿ ಒಂದು ರೌಂಡ್ ಹೋಗಿ ಬನ್ನಿ. ಬೇಕರಿ, ಮೆಡಿಕಲ್ ಶಾಪ್, ಬಟ್ಟೆ ಅಂಗಡಿ, ಎಲ್ಲಿ ನೋಡಿದ್ರೂ ಒಂದು ಚೀಟಿ ಅಂಟಿಸಿರ್ತಾರೆ: "ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ." ಕೆಳಗೆ ಒಂದು ಫೋನ್ ನಂಬರ್. ಏನು ಕೆಲಸ, ಎಷ್ಟು ಹೊತ್ತು, ಎಷ್ಟು ಸಂಬಳ, ಯಾವುದೂ ಇರಲ್ಲ. ಒಳಗೆ ಹೋಗಿ ಮಾಲೀಕರನ್ನ ಮಾತಾಡಿಸಿದ್ರೆ, "ಈಗಿನ ಹುಡುಗರು ಕೆಲಸಕ್ಕೆ ನಿಲ್ಲಲ್ಲ ರೀ" ಅಂತಾರೆ.

ನಾನೂ ಅಂಥ ಚೀಟಿ ಅಂಟಿಸಿದ್ದೆ, ನಾನೂ ಅದೇ ಮಾತು ಹೇಳಿದ್ದೆ. ಇವತ್ತು ಅದರ ಕಥೆ ಹೇಳ್ತೀನಿ. ನನಗೆ ಸ್ವಲ್ಪ ನಾಚಿಕೆ ಆಗೋ ಕಥೆ.

ಹಳೇ ಕೇಳುಗರಿಗೆ ಗೊತ್ತು, ನಮ್ಮದು ಹುಬ್ಬಳ್ಳಿ. ನಮ್ಮ ಅವ್ವ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರ್ತಾಳೆ. ರೊಟ್ಟಿ ಬಡಿಯೋಕೆ ಮೂರು ಜನ ಅಕ್ಕಂದಿರು ಬರ್ತಾರೆ. ರೊಟ್ಟಿಗೆ ಎರಡೂವರೆ ರೂಪಾಯಿ ಲೆಕ್ಕ. ಒಬ್ಬೊಬ್ಬರು ದಿನಕ್ಕೆ 200 ರೊಟ್ಟಿ ಮಾಡ್ತಾರೆ, ಅಂದ್ರೆ 500 ರೂಪಾಯಿ. ಸಂಜೆ ಮನೆಗೆ ಹೋಗುವಾಗ ಎಷ್ಟು ಆಯ್ತು ಅಂತ ಯಾರಿಗೂ ಅನುಮಾನ ಇರಲ್ಲ. ಎಣಿಸೋದು, ತಗೊಳ್ಳೋದು. ಈ ವಿಷಯ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಲೆಕ್ಕ, ಆರ್ಡರ್, ಕೊರಿಯರ್ ನನ್ನ ಪಾಲಿಗೆ. ಬೆಂಗಳೂರು, ಪುಣೆ ಕಡೆಯಿಂದ ಆರ್ಡರ್ ಜಾಸ್ತಿ ಆಯ್ತು. ಪಾಡ್‌ಕಾಸ್ಟ್ ಮಾಡೋಕೂ ಟೈಮ್ ಸಿಗ್ತಿರ್ಲಿಲ್ಲ. ಪ್ಯಾಕಿಂಗ್‌ಗೆ, ಡೆಲಿವರಿಗೆ ಒಬ್ಬರನ್ನ ಇಟ್ಕೊಳ್ಳೋಣ ಅಂತ ತೀರ್ಮಾನ ಮಾಡಿದ್ವಿ.

ಪರಿಚಯದವರ ಕಡೆಯಿಂದ ಒಬ್ಬ ಹುಡುಗ ಬಂದ. 20 ವರ್ಷ. ನಮ್ಮ ಇಂಟರ್‌ವ್ಯೂ ಐದು ನಿಮಿಷ. "ಗಾಡಿ ಹೊಡಿಯಾಕ ಬರ್ತದೇನು? ಲೈಸನ್ಸ್ ಐತೇನು? ನಾಳಿಂದ ಬಾ." ಅವನು ಒಂದೇ ಪ್ರಶ್ನೆ ಕೇಳಿದ: "ಅಣ್ಣಾ, ಪಗಾರ ಎಷ್ಟ್ರೀ?" ನಾನು ಏನಂದೆ ಗೊತ್ತಾ? "ಮೊದ್ಲ ಕೆಲಸ ಮಾಡು, ನೋಡೂಣಂತ."

ಅವನು ತಲೆ ಆಡಿಸಿದ. ನಾನು ಅದನ್ನ ಒಪ್ಪಿಗೆ ಅಂದ್ಕೊಂಡೆ.

ಮೊದಲ ದಿನ ಪ್ಯಾಕಿಂಗ್. ಎರಡನೇ ದಿನ ಡೆಲಿವರಿ. ಮೂರನೇ ದಿನದಿಂದ ಜೋಳ ಗಿರಣಿಗೆ ಒಯ್ಯೋದು, ಸಿಲಿಂಡರ್ ತರೋದು, ಮನೆಗೆ ಕಾಯಿಪಲ್ಲೆ ತರೋದು, ನನ್ನ ಗಾಡಿ ತೊಳೆಯೋದು. ಯಾವುದನ್ನೂ ನಾನು ಮೊದಲೇ ಹೇಳಿರ್ಲಿಲ್ಲ. ಕಣ್ಣಿಗೆ ಬಿದ್ದಾಗೆಲ್ಲ ಒಂದು ಕೆಲಸ. 11ನೇ ದಿನ ಬೆಂಗಳೂರಿಗೆ ಹೋದ ಪಾರ್ಸೆಲ್ ಒಂದರಲ್ಲಿ ರೊಟ್ಟಿ ಎಲ್ಲಾ ಪುಡಿ ಪುಡಿ. ಗಿರಾಕಿ ಫೋಟೋ ಕಳಿಸಿದ್ರು. ನಾನು ಅಕ್ಕಂದಿರ ಮುಂದೆನೇ ಅವನಿಗೆ ಬೈದೆ. ಡಬ್ಬಿಯಲ್ಲಿ ರೊಟ್ಟಿ ಅಲುಗಾಡದ ಹಾಗೆ ಹೇಗೆ ಜೋಡಿಸಬೇಕು ಅಂತ ಅವನಿಗೆ ಯಾರೂ ತೋರಿಸಿರ್ಲಿಲ್ಲ. 12ನೇ ದಿನ ಅವನು ಬರ್ಲಿಲ್ಲ.

ನನಗೆ ಸಿಟ್ಟು. ಹೇಳದೆ ಕೇಳದೆ ಬಿಟ್ಟು ಹೋದ, ಇನ್ನು ಪಗಾರ ಯಾಕೆ ಕೊಡಬೇಕು ಅಂತ ಸುಮ್ನಾದೆ. ಒಂದು ವಾರ ಆಯ್ತು. ಅವನೂ ಫೋನ್ ಮಾಡ್ಲಿಲ್ಲ. ಅದು ನನಗೆ ಅನುಕೂಲ ಅನ್ನಿಸ್ತು, ನಿಜ ಹೇಳ್ತೀನಿ.

ಅವ್ವ ಒಂದು ರಾತ್ರಿ ಕೇಳಿದಳು, "ಆ ಹುಡುಗನ ರೊಕ್ಕ ಕೊಟ್ಟಿ?"

"ಅವಾ ಹೇಳ್ದೇ ಹೋಗ್ಯಾನ ಬೇ."

"ಹೇಳ್ದೇ ಹೋಗ್ಯಾನ ಖರೇ. ದುಡಿದ್ದು ಸುಳ್ಳೇನು? ನಿನಗ ಅವತ್ತು ಆ ಆಫೀಸಿನ್ಯಾಗ ಹಿಂಗ ಮಾಡಿದ್ದಕ್ಕ ಎಷ್ಟು ದಿನ ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ದಿ, ನೆನಪೈತೇನು?"

ನೆನಪಿತ್ತು. ಬಿಕಾಂ ಮುಗಿಸಿದ ತಕ್ಷಣ ಒಂದು ಅಕೌಂಟ್ಸ್ ಆಫೀಸಿಗೆ ಸೇರಿದ್ದೆ. "15 ದಿನ ಟ್ರಯಲ್, ಆಮೇಲೆ ಮಾತಾಡೋಣ" ಅಂದಿದ್ರು. 15 ದಿನ ಜಿಎಸ್‌ಟಿ ಬಿಲ್ ಎಂಟ್ರಿ ಮಾಡಿಸ್ಕೊಂಡು, 16ನೇ ದಿನ "ಸದ್ಯಕ್ಕೆ ಬೇಡ" ಅಂತ ಕಳಿಸಿದ್ರು. ಒಂದು ರೂಪಾಯಿ ಕೊಡ್ಲಿಲ್ಲ. ನಾನೂ ಫೋನ್ ಮಾಡಿ ಕೇಳ್ಲಿಲ್ಲ. ಕೇಳೋಕೆ ಧೈರ್ಯ ಇರ್ಲಿಲ್ಲ, ಅಷ್ಟೇ. ಈಗ ಇನ್ನೊಬ್ಬರ ಮನೆಯಲ್ಲಿ ಅದೇ ತರ ಒಬ್ಬ ಹುಡುಗ ಕೂತಿದ್ದ. ಮಾಲೀಕನ ಜಾಗದಲ್ಲಿ ನಾನಿದ್ದೆ.

ಮರುದಿನ ಅವನ ಮನೆ ಹುಡುಕ್ಕೊಂಡು ಹೋದೆ. ದಿನಕ್ಕೆ 550ರಂತೆ 11 ದಿನದ್ದು 6,050 ರೂಪಾಯಿ ಕೊಟ್ಟೆ, ಬೈದಿದ್ದಕ್ಕೆ ತಪ್ಪಾಯ್ತು ಅಂದೆ. ಅವನು ಆಗಲೇ ಒಂದು ಡೆಲಿವರಿ ಆ್ಯಪ್‌ಗೆ ಸೇರಿದ್ದ. "ಅಲ್ಲಿ ಜಾಸ್ತಿ ಸಿಗ್ತದೇನು?" ಅಂತ ಕೇಳಿದೆ.

"ಜಾಸ್ತಿ ಏನಿಲ್ಲಣ್ಣಾ, ಪೆಟ್ರೋಲೂ ನಂದ. ಆದ್ರ ಒಂದು ಆರ್ಡರ್ ಮುಗಿಸಿದ್ರ ಎಷ್ಟು ಬಂತು ಅಂತ ಮೊಬೈಲ್‌ನ್ಯಾಗ ಕಾಣ್ತೇತಿ. ನಿಮ್ಮಲ್ಲಿ ಪಗಾರ ಎಷ್ಟು ಅಂತ ಮನ್ಯಾಗ ಕೇಳಿದ್ರ ಏನ್ ಹೇಳ್ಬೇಕಿತ್ತು ನಾ?"

ವಾಪಸ್ ಬರುವಾಗ ದಾರಿಯುದ್ದಕ್ಕೂ ಇದೇ ಯೋಚನೆ. ನಾನು ಯಾಕೆ ಹೇಳಿರ್ಲಿಲ್ಲ? ಮೋಸ ಮಾಡೋ ಉದ್ದೇಶ ಇರ್ಲಿಲ್ಲ. ನಿಜವಾದ ಕಾರಣ ಏನಂದ್ರೆ, ಎಷ್ಟು ಕೊಡೋಕೆ ಆಗುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ. ಬಿಕಾಂ ಓದಿದವನು ಒಂದು ಹಾಳೆಯಲ್ಲಿ ಲೆಕ್ಕ ಹಾಕಿರ್ಲಿಲ್ಲ. ಎಷ್ಟೋ ಅಂಗಡಿಗಳಲ್ಲಿ "ನೋಡೋಣ" ಅನ್ನೋ ಮಾತಿನ ಹಿಂದೆ ಇರೋದು ಇದೇ ಅಂತ ನನಗನ್ಸುತ್ತೆ.

ಹಾಗಾಗಿ ಎರಡನೇ ಸಲ ಜನ ಹುಡುಕೋಕೆ ಮುಂಚೆ ಎರಡು ಕೆಲಸ ಮಾಡಿದೆ.

ಮೊದಲನೇದು, ಏಳು ದಿನ ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಕೆಲಸ, ಅದಕ್ಕೆ ಹಿಡಿದ ಸಮಯ ಬರೆದೆ. ಪ್ಯಾಕಿಂಗ್, ಕೊರಿಯರ್, ಊರೊಳಗಿನ ಡೆಲಿವರಿ ಎಲ್ಲಾ ಸೇರಿ ದಿನಕ್ಕೆ ಐದು ತಾಸು. ಅಷ್ಟೇ! ಉಳಿದ ಹೊತ್ತು ಆ ಹುಡುಗನಿಗೆ ನಾನು ಕೆಲಸ ಹುಟ್ಟಿಸ್ತಿದ್ದೆ.

ಎರಡನೇದು ಲೆಕ್ಕ. ಹಿಟ್ಟು, ಗ್ಯಾಸ್, ರೊಟ್ಟಿ ಕೂಲಿ, ಕವರ್ ಎಲ್ಲಾ ಕಳೆದು ಹತ್ತು ರೊಟ್ಟಿ ಪ್ಯಾಕೆಟ್‌ಗೆ ನಮಗೆ 15 ರೂಪಾಯಿ ಉಳಿಯುತ್ತೆ. ದಿನಕ್ಕೆ 60 ಪ್ಯಾಕೆಟ್ ಹೋಗುತ್ತೆ. ಇಡೀ ದಿನಕ್ಕೆ ಒಬ್ಬರನ್ನ ಇಟ್ಕೊಂಡ್ರೆ ಪಗಾರ 14,300. ಊಟ, ಪೆಟ್ರೋಲ್, ದೀಪಾವಳಿ ಬೋನಸ್ ಹಂಚಿ ಹಾಕಿದ್ರೆ ತಿಂಗಳಿಗೆ 16,500. ಅಂದ್ರೆ 1,100 ಪ್ಯಾಕೆಟ್‌ನ ಲಾಭ. 26 ದಿನಕ್ಕೆ ಭಾಗಿಸಿದ್ರೆ ದಿನಕ್ಕೆ 42 ಪ್ಯಾಕೆಟ್ ಅವರ ಪಗಾರಕ್ಕೇ ಹೋಯ್ತು. ಉಳಿದ 18 ಪ್ಯಾಕೆಟ್‌ನಿಂದ ಅವ್ವನಿಗೆ 270 ರೂಪಾಯಿ. ಮಾಲಕಿಗೆ ರೊಟ್ಟಿ ಬಡಿಯೋರಿಗಿಂತ ಕಡಿಮೆ!

ಐದು ತಾಸಿನ ಕೆಲಸಕ್ಕೆ 9,000 ಪಗಾರ, ಉಳಿದ ಖರ್ಚು 1,500, ಒಟ್ಟು 10,500. ದಿನಕ್ಕೆ 27 ಪ್ಯಾಕೆಟ್. ಅವ್ವನಿಗೆ ಹತ್ತಿರ ಹತ್ತಿರ 500 ಉಳಿಯುತ್ತೆ. ಇದು ನಡೆಯುತ್ತೆ. ನೀವು ಲೆಕ್ಕ ಹಾಕುವಾಗ ನಿಮ್ಮ ಕೆಲಸಕ್ಕೆ ಸರ್ಕಾರದ ಕನಿಷ್ಠ ವೇತನ ಎಷ್ಟಿದೆ ಅಂತಾನೂ ನೋಡ್ಕೊಳ್ಳಿ. ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ.

ಆಮೇಲೆ ಹೊಸ ಚೀಟಿ ಬರೆದೆ. "ರೊಟ್ಟಿ ಪ್ಯಾಕಿಂಗ್ ಮತ್ತು ಡೆಲಿವರಿ. ಬೆಳಿಗ್ಗೆ 10ರಿಂದ 3. ತಿಂಗಳಿಗೆ 9,000, ಪ್ರತಿ 1ನೇ ತಾರೀಖು. ಭಾನುವಾರ ರಜೆ. ಗಾಡಿ ಓಡಿಸೋಕೆ ಬರಬೇಕು, ಪೆಟ್ರೋಲ್ ನಮ್ಮದು. ಮೊದಲ ಎರಡು ದಿನ ಟ್ರಯಲ್, ಅದಕ್ಕೂ ಪಗಾರ ಇದೆ." ಇದನ್ನೇ ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಹಾಕಿದೆ.

ಹೋದ ಸಲ "ಹುಡುಗರು ಬೇಕು" ಅಂದಿದ್ದೆ. ಈ ಸಲ ಕೆಲಸ ಬರೆದಿದ್ದೆ, ಸಮಯ ಬರೆದಿದ್ದೆ. ಪಕ್ಕದ ಓಣಿಯ ಒಬ್ಬ ಅಕ್ಕ ಬಂದ್ರು. ಮಗನ್ನ ಶಾಲೆಗೆ ಬಿಟ್ಟು ಬರೋಕೆ, ಮತ್ತೆ ಕರ್ಕೊಂಡು ಹೋಗೋಕೆ ಈ ಟೈಮ್ ಸರಿ ಹೊಂದುತ್ತೆ ಅಂದ್ರು. ಸ್ಕೂಟಿ ಓಡಿಸ್ತಾರೆ. ಟ್ರಯಲ್ ದಿನ ಡಬ್ಬಿ ಜೋಡಿಸೋದನ್ನ ಅವ್ವನೇ ಕೂತು ತೋರಿಸಿದಳು. ಈಗ ಎಂಟು ತಿಂಗಳಾಯ್ತು. ರೊಟ್ಟಿ ಒಡೆದ ಫೋಟೋ ಇನ್ನೂ ಬರುತ್ತೆ, ಆದ್ರೆ ಅಪರೂಪಕ್ಕೆ.

ಅಂಗಡಿ ಇಟ್ಟಿರೋರಿಗೆ ಒಂದಿಷ್ಟು ಕಾನೂನಿನ ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು. ದೊಡ್ಡ ಪತ್ರ ಏನಲ್ಲ, ಒಂದು ಹಾಳೆ ಸಾಕು: ಹೆಸರು, ಕೆಲಸ, ಪಗಾರ, ಷರತ್ತು. ದೇಶದ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅದರಲ್ಲಿ ವೇತನ ಸಂಹಿತೆ ಏನು ಹೇಳುತ್ತೆ ಅಂದ್ರೆ, ನೀವು ತೆಗೆದರೂ, ಅವರೇ ಬಿಟ್ಟರೂ, ಎರಡು ಕೆಲಸದ ದಿನದೊಳಗೆ ಬಾಕಿ ಪಗಾರ ಚುಕ್ತಾ ಮಾಡಬೇಕು. ಸಾಮಾನ್ಯವಾಗಿ 10 ಜನ ಆದ್ರೆ ಇಎಸ್‌ಐ, 20 ಜನ ಆದ್ರೆ ಪಿಎಫ್. ಮತ್ತೆ, ಯಾರ ಒರಿಜಿನಲ್ ಮಾರ್ಕ್ಸ್ ಕಾರ್ಡೂ ಇಟ್ಕೋಬೇಡಿ. ಜೆರಾಕ್ಸ್ ಸಾಕು.

ಕೆಲಸ ಹುಡುಕ್ತಿರೋ ನನ್ನ ತಮ್ಮ ತಂಗಿಯರಿಗೆ ಮೂರು ಪ್ರಶ್ನೆ. ಪಗಾರ ಎಷ್ಟು? ಯಾವ ತಾರೀಖಿಗೆ? ಟ್ರಯಲ್ ದಿನಕ್ಕೂ ಕೊಡ್ತೀರಾ? ಸೇರೋ ಮುಂಚೆ ಕೇಳಿ. ಬಾಯಲ್ಲಿ ಹೇಳಿದ್ದನ್ನ ಅವತ್ತೇ ವಾಟ್ಸ್ಆ್ಯಪ್ ಮೆಸೇಜ್ ಮಾಡಿ: "ಸರ್, ನೀವು ಹೇಳಿದ ಹಾಗೆ ತಿಂಗಳಿಗೆ ಇಷ್ಟು, 1ನೇ ತಾರೀಖಿಗೆ, ನಾಳೆಯಿಂದ ಬರ್ತೀನಿ." ಇದನ್ನ ಕೇಳೋದು ದುರಾಸೆ ಅಲ್ಲ. ನಾನು ಕೇಳದೆ 15 ದಿನ ಕಳ್ಕೊಂಡಿದ್ದೆ.

ಆ ಹುಡುಗ ಈಗಲೂ ಒಮ್ಮೊಮ್ಮೆ ಆ್ಯಪ್‌ನ ಟೀ ಶರ್ಟ್ ಹಾಕ್ಕೊಂಡು ನಮ್ಮ ಓಣಿಯಲ್ಲಿ ಹೋಗ್ತಿರ್ತಾನೆ. ಗಾಡಿ ನಿಲ್ಲಿಸಿ ಅವ್ವನ ಹತ್ರ ಮಾತಾಡ್ತಾನೆ, ಚಟ್ನಿಪುಡಿ ತಗೊಂಡು ಹೋಗ್ತಾನೆ. ನನಗೆ ಕೈ ಎತ್ತುತ್ತಾನೆ. ಆ 6,050 ರೂಪಾಯಿ ಕೊಡದೇ ಇದ್ದಿದ್ರೆ ನಾನೇ ಮುಖ ತಪ್ಪಿಸ್ಕೊಂಡು ಒಳಗೆ ಹೋಗ್ತಿದ್ದೆ.

ನಿಮ್ಮ ಮೊದಲ ಕೆಲಸದ, ಮೊದಲ ಪಗಾರದ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಆರಾಮಾಗಿರಿ.