ಹಾಲು ಹಾಕುವ ಮನೆಯ ಮಕ್ಕಳಿಗೆ ಆಹಾರದ ಪಾಠ

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ಮಹಾಸಭೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಮಾಡಿದ ಭಾಷಣ)



ಮಹಾಸಭೆ ಎಂದರೆ ಲೆಕ್ಕಪತ್ರ, ಬೋನಸ್ಸು, ಹಾಲಿನ ದರ. ಇಂಥ ಸಭೆಯಲ್ಲಿ ಶಾಲೆಯ ಮೇಷ್ಟ್ರಿಗೇನು ಕೆಲಸ ಎಂದು ತಾವು ಕೇಳಬಹುದು. ನಾನೂ ಹಸು ಕಟ್ಟಿದ ಮನೆಯವಳೇ. ಬೆಳಗಿನ ಜಾವ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಆಮೇಲೆ ಪಾಠ ಹೇಳಲು ಹೋದವಳು. ಹಾಗಾಗಿ ನಾನು ಹೇಳುವ ಮಾತು ನನಗೂ ಸೇರಿದ್ದು ಎಂದು ತಿಳಿದು ಕೇಳಬೇಕು.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಗಿ ನಂತರ ಎಲ್ಲ ಕಡೆಗೂ ಬಂತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಜಾರಿಯಾಯಿತು. ಹದಿನೆಂಟು ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು, ಮಗುವೊಂದಕ್ಕೆ ಒಂದು ಲೋಟ. ಮೊದಲು ವಾರಕ್ಕೆ ಮೂರು ದಿನ ಇದ್ದದ್ದು 2017ರಲ್ಲಿ ಐದು ದಿನವಾಯಿತು. 2024ರಲ್ಲಿ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುವುದೂ ಶುರುವಾಯಿತು.

ಈ ಯೋಜನೆ ಬಂದ ಹೊಸತರಲ್ಲಿ ಒಂದು ಸೋಮವಾರ ನಾಲ್ಕನೇ ತರಗತಿಯಲ್ಲಿ ಕೇಳಿದೆ: "ನಿನ್ನೆ ಭಾನುವಾರ ಯಾರ್‍ಯಾರು ಹಾಲು ಕುಡಿದಿರಿ?" ಎದ್ದ ಕೈಗಳು ಬೆರಳೆಣಿಕೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯ ಮನೆಯಲ್ಲಿ ಎರಡು ಸೀಮೆಹಸು ಇದ್ದದ್ದು ನನಗೆ ಗೊತ್ತು. "ನಿಮ್ಮನೆಯಲ್ಲಿ ಹಾಲಿದೆಯಲ್ಲಮ್ಮ?" ಎಂದೆ. ಅವಳು ಎದ್ದು ನಿಂತು, "ಮಿಸ್, ಮನೆ ಹಾಲು ಡೇರಿಗೆ. ನಾವು ಕುಡಿಯೋದು ಸ್ಕೂಲ್ ಹಾಲು. ನಿನ್ನೆ ಸ್ಕೂಲ್ ಇರ್ಲಿಲ್ವಲ್ಲ" ಎಂದಳು.

ಮಗುವಿನ ಮಾತಿನಲ್ಲಿ ದೂರು ಇರಲಿಲ್ಲ. ಆ ಮನೆಯಲ್ಲಿ ಅದು ನಿಯಮವಾಗಿತ್ತು, ಅಷ್ಟೇ. ಶಾಲೆಗೆ ಬರುವ ಹಾಲಿನ ಪುಡಿ ಎಲ್ಲಿಯದು? ನೀವು ಕ್ಯಾನಿಗೆ ಸುರಿದ ಹಾಲೇ ಒಕ್ಕೂಟಕ್ಕೆ ಹೋಗಿ, ಒಣಗಿ ಪುಡಿಯಾಗಿ, ಚೀಲದಲ್ಲಿ ತುಂಬಿ ನಮ್ಮೂರಿಗೆ ಮರಳಿ ಬರುತ್ತದೆ. ಅಷ್ಟು ದೂರ ಸುತ್ತಿ ಬಂದ ಹಾಲು ನಮ್ಮ ಮಗುವಿಗೆ ಸಿಗುತ್ತದೆ. ಕೊಟ್ಟಿಗೆಯಿಂದ ಅಡುಗೆಮನೆಗೆ ಹತ್ತು ಹೆಜ್ಜೆ; ಆ ಹಾಲು ಸಿಗುವುದಿಲ್ಲ. ಅಂದು ಮನೆಗೆ ಹೋಗಿ ನಮ್ಮ ಡೇರಿ ಪುಸ್ತಕ ತೆಗೆದು ನೋಡಿದೆ. ನಾನೂ ಕಾಫಿಗೆ ಒಂದು ಪಾವು ಉಳಿಸಿಕೊಂಡು ಮಿಕ್ಕದ್ದೆಲ್ಲ ಹಾಕುತ್ತಿದ್ದೆ.

ಬಂಧುಗಳೇ, ಹಸುವಿನ ವಿಷಯದಲ್ಲಿ ನಾವು ಲೆಕ್ಕದಲ್ಲಿ ಬಹಳ ಗಟ್ಟಿಗರು. ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಪಶು ಆಹಾರ, ದೇಹ ಪೋಷಣೆಗೆ ಬೇರೆ, ಅದರ ಮೇಲೆ ಖನಿಜ ಮಿಶ್ರಣ, ಹಸಿ ಮೇವು, ಒಣ ಮೇವು. ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ ಹೆಚ್ಚಿನ ತಿಂಡಿ. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕೆಂದು ಎಲ್ಲರಿಗೂ ಗೊತ್ತು. ಇದೇ ಲೆಕ್ಕ ಮನೆಯೊಳಗೆ ಬರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ. ಹುಟ್ಟಿದ ಮಗುವಿಗೂ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲು ಬೇಕು. ಬಸುರಿ ಸೊಸೆಗೂ ಹೆಚ್ಚಿನ ಆಹಾರ ಬೇಕು. ಬೆಳೆಯುವ ಮಗುವಿಗೂ ಖನಿಜ ಬೇಕು.

ಖನಿಜ ಎಂದೊಡನೆ ಔಷಧದ ಅಂಗಡಿಗೆ ಓಡಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ತೀರ ಅಲ್ಪ. ನೂರು ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದೆ, ಜೊತೆಗೆ ಮೂರು ಗ್ರಾಂಗಿಂತ ಹೆಚ್ಚು ಪ್ರೋಟೀನು. ಮೂಳೆ, ಹಲ್ಲು ಗಟ್ಟಿಯಾಗಲು ಮುದ್ದೆ ಮತ್ತು ಹಾಲು ಒಳ್ಳೆಯ ಜೋಡಿ. ಆದರೆ ಹಾಲೊಂದರಿಂದಲೇ ಎಲ್ಲವೂ ಆಗದು. ರಕ್ತಕ್ಕೆ ಬೇಕಾದ ಕಬ್ಬಿಣ ಹಾಲಿನಲ್ಲಿ ಬಹಳ ಕಡಿಮೆ. ಅದಕ್ಕೆ ಸೊಪ್ಪು, ಹುರುಳಿ, ಕಾಳು ಬೇಕು. ಮಾಂಸಾಹಾರಿಗಳಿಗೆ ಮೊಟ್ಟೆ, ಮಾಂಸವೂ ಆದೀತು. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೆ ಟೀ ಕುಡಿದರೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಬೆಳಿಗ್ಗೆ ಮಗುವಿಗೆ ಟೀ ಮತ್ತು ಬನ್ನು ಕೊಟ್ಟು ಶಾಲೆಗೆ ಕಳಿಸುವ ತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ಇದನ್ನೆಲ್ಲ ಮಕ್ಕಳಿಗೆ ಕಲಿಸುವುದು ಹೇಗೆ? ಪುಸ್ತಕದಲ್ಲಿ ಪಾಠವಿದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ. ಕೈಯಿಂದ ಮಾಡಿದ್ದು ಮರೆಯುವುದಿಲ್ಲ. ನಾನು ಮಾಡಿ ನೋಡಿದ ಕೆಲವು ಪಾಠಗಳನ್ನು ಹೇಳುತ್ತೇನೆ. ಇವುಗಳಿಗೆ ಖರ್ಚಿಲ್ಲ.

ಮೊದಲನೆಯದು ಹೆಪ್ಪಿನ ಪಾಠ. ಎರಡು ಲೋಟ ಕಾಯಿಸಿದ ಹಾಲು. ಒಂದಕ್ಕೆ ಕುದಿಯುತ್ತಿರುವಾಗಲೇ ಹೆಪ್ಪು ಹಾಕಿ, ಇನ್ನೊಂದಕ್ಕೆ ಉಗುರುಬೆಚ್ಚಗಾದ ಮೇಲೆ ಹಾಕಿ. ಮರುದಿನ ಬೆಳಿಗ್ಗೆ ಒಂದು ಗಟ್ಟಿ ಮೊಸರಾಗಿರುತ್ತದೆ, ಇನ್ನೊಂದು ಆಗಿರುವುದಿಲ್ಲ. ಏಕೆಂದು ಮಕ್ಕಳನ್ನೇ ಕೇಳಿ. ಮೊಸರು ಮಾಡುವ ಜೀವಾಣು ಕುದಿಯುವ ಹಾಲಿನಲ್ಲಿ ಸಾಯುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ರೋಗ ತರುವ ಜೀವಾಣುಗಳೂ ಕಾಯಿಸಿದರೆ ಸಾಯುತ್ತವೆ, ಹಾಗಾಗಿ ಹಸಿ ಹಾಲು ಕುಡಿಯಬಾರದು ಎಂಬುದು ಆಗ ಸುಲಭವಾಗಿ ತಿಳಿಯುತ್ತದೆ.

ಎರಡನೆಯದು ಪಾತ್ರೆಯ ಪಾಠ. ಒಂದೇ ಹಸುವಿನ ಹಸಿ ಹಾಲನ್ನು ಬಿಸಿನೀರಿನಲ್ಲಿ ತೊಳೆದ ಲೋಟಕ್ಕೂ, ಹಿಂದಿನ ದಿನದ ಹಾಲಿನ ಜಿಡ್ಡು ಉಳಿದ ಲೋಟಕ್ಕೂ ಹಾಕಿಡಿ. ಯಾವುದು ಮೊದಲು ಹುಳಿಯಾಗಿ ಒಡೆಯುತ್ತದೆಂದು ಮಕ್ಕಳು ಕಾದು ನೋಡಲಿ. ಅದನ್ನು ನೋಡಿದ ಮಗು ಮನೆಗೆ ಬಂದು, "ಅಪ್ಪ, ಕ್ಯಾನು ಸರಿಯಾಗಿ ತೊಳೆದಿಲ್ಲ" ಎನ್ನುತ್ತದೆ. ವಿಸ್ತರಣಾಧಿಕಾರಿಗಳು ಹತ್ತು ಸಲ ಹೇಳಿದರೆ ಕೇಳದವರು ಮಗಳು ಒಂದು ಸಲ ಹೇಳಿದರೆ ಕೇಳುತ್ತಾರೆ.

ಮೂರನೆಯದು ಡೇರಿಯ ಪಾಠ. ಶಾಲೆಯ ಮಕ್ಕಳನ್ನು ಒಂದು ಬೆಳಿಗ್ಗೆ ಸಂಘಕ್ಕೆ ಕರೆಸಿ. ಮಾದರಿ ತೆಗೆಯುವುದು, ಡಿಗ್ರಿ ನೋಡುವುದು, ಯಂತ್ರದಲ್ಲಿ ಜಿಡ್ಡಿನಂಶ ಬರುವುದು, ಪುಸ್ತಕದಲ್ಲಿ ದರ ಬರೆಯುವುದು ಎಲ್ಲವನ್ನೂ ಕಾರ್ಯದರ್ಶಿಗಳು ತೋರಿಸಲಿ. ಪ್ರತಿ ವರ್ಷ ನವೆಂಬರ್ 26, ಡಾ. ವರ್ಗೀಸ್ ಕುರಿಯನ್ ಅವರು ಹುಟ್ಟಿದ ದಿನ. 2014ರಿಂದ ರಾಷ್ಟ್ರೀಯ ಹಾಲು ದಿನವೆಂದು ಆಚರಿಸುತ್ತೇವೆ. ಭಾಷಣ, ಹಾರ, ಸಿಹಿ ಹಂಚಿಕೆಯ ಜೊತೆಗೆ ಆ ದಿನ ಈ ಕೆಲಸವನ್ನೂ ಮಾಡಬಹುದು. ಒಂದು ಎಚ್ಚರಿಕೆ: ಮಕ್ಕಳು ಎಲ್ಲವನ್ನೂ ನೋಡುತ್ತಾರೆ. ಹಾಲಿಗೆ ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ ಎಂದು ಕಲಿತ ಮಗುವಿನ ಮುಂದೆ ನೀರಿನ ಚೊಂಬು ಹಿಡಿಯಲಾಗದು.

ನಾಲ್ಕನೆಯದು ಮಣ್ಣಿನ ಪಾಠ. ಶಾಲೆಯ ಹಿಂದೆ ನಾಲ್ಕು ನುಗ್ಗೆ ಕಡ್ಡಿ ನೆಟ್ಟು, ಕೈ ತೊಳೆದ ನೀರು ಅದರ ಬುಡಕ್ಕೆ ಹೋಗುವಂತೆ ಕಾಲುವೆ ತೆಗೆದರೆ ಸಾಕು. ಜೊತೆಗೆ ಒಂದು ಮಡಿ ದಂಟು, ಒಂದು ಮಡಿ ಹರಿವೆ. ತಿಪ್ಪೆಯಿಂದ ಒಂದು ಗಾಡಿ ಗೊಬ್ಬರ ಕಳಿಸುವುದು ನಿಮ್ಮ ಪಾಲು. ತಾನೇ ನೀರು ಹಾಕಿದ ಸೊಪ್ಪನ್ನು ಯಾವ ಮಗುವೂ ತಟ್ಟೆಯ ಅಂಚಿಗೆ ಸರಿಸುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು. ಸೊಪ್ಪು ಸೋಸುವುದು, ಅನ್ನಕ್ಕೆ ಇಡುವುದು, ಮಜ್ಜಿಗೆ ಕಡೆಯುವುದು ಹೆಣ್ಣುಮಕ್ಕಳಿಗಷ್ಟೇ ಎಂಬ ಭಾವನೆ ಬಿಡಬೇಕು. ಹಾಲು ಕರೆಯಲು ಹೆಣ್ಣು ಗಂಡಿನ ಭೇದ ಮಾಡದ ನಾವು ಹಾಲು ಕಾಯಿಸಲು ಏಕೆ ಮಾಡಬೇಕು?

ಕೊನೆಯದಾಗಿ ದುಡ್ಡಿನ ಮಾತು. ದಿನಕ್ಕೆ ಅರ್ಧ ಲೀಟರ್ ಉಳಿಸಿಕೊಂಡರೆ ಮೂರು ಮಕ್ಕಳಿಗೆ ತಲಾ 150 ಮಿ.ಲೀ. ಕೊಟ್ಟು ಇನ್ನೂ ಸ್ವಲ್ಪ ಮಿಗುತ್ತದೆ. ತಿಂಗಳಿಗೆ ಹದಿನೈದು ಲೀಟರ್ ಆಯಿತು. ಬಟವಾಡೆಯಲ್ಲಿ ಅಷ್ಟು ಕಡಿಮೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಸಾಲದ ಕಂತು ಕಟ್ಟುವ ಮನೆಗೆ ಅದು ಸಣ್ಣ ಮೊತ್ತವಲ್ಲ ಎಂದೂ ಬಲ್ಲೆ. ಆದರೆ ಅದೇ ಮಗುವಿನ ಕೈಗೆ ದಿನಕ್ಕೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿದರೆ ತಿಂಗಳಿಗೆ ಮುನ್ನೂರು ರೂಪಾಯಿ. ಅದಕ್ಕೆ ಬರುವುದು ಉಪ್ಪು, ಎಣ್ಣೆ, ಬಣ್ಣದ ಪೊಟ್ಟಣ. ಒಮ್ಮೆ ಗಂಡ ಹೆಂಡತಿ ಕೂತು ಈ ಎರಡು ಲೆಕ್ಕವನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ. ಅರ್ಧ ಲೀಟರ್ ಆಗದಿದ್ದರೆ ಶಾಲೆಗೆ ರಜೆ ಇರುವ ದಿನಗಳಲ್ಲಾದರೂ ಉಳಿಸಿಕೊಳ್ಳಿ.

ಆದ್ದರಿಂದ ಈ ಸಭೆಯಲ್ಲಿ ನನ್ನ ಕೋರಿಕೆ ಎರಡೇ. ಆಡಳಿತ ಮಂಡಳಿಯವರು ಶಾಲೆಯ ಎಸ್.ಡಿ.ಎಂ.ಸಿ.ಯವರೊಡನೆ ಕೂತು ಮಕ್ಕಳ ಡೇರಿ ಭೇಟಿಗೆ ಒಂದು ದಿನ ಗೊತ್ತು ಮಾಡಬೇಕು. ಸದಸ್ಯರು, ನಾಳೆ ಬೆಳಿಗ್ಗೆ ಹಾಲು ಕರೆದ ಮೇಲೆ, ಕ್ಯಾನು ಎತ್ತಿಕೊಳ್ಳುವ ಮೊದಲು ಮನೆಯ ಪಾತ್ರೆಗೆ ಅಳೆದು ಹಾಕಬೇಕು. ಉಳಿದದ್ದನ್ನು ಮಕ್ಕಳಿಗೆ ಕೊಡುವುದಲ್ಲ; ಮಕ್ಕಳಿಗೆ ತೆಗೆದಿಟ್ಟು ಉಳಿದದ್ದನ್ನು ಡೇರಿಗೆ ಹಾಕುವುದು.

ಆ ಹುಡುಗಿಯಂಥ ಮಕ್ಕಳನ್ನು ಮುಂದೆ ಯಾರಾದರೂ ಕೇಳಿದರೆ, "ಭಾನುವಾರವೂ ಕುಡಿದೆ ಮಿಸ್" ಎನ್ನುವಂತಾಗಲಿ.

ಜೈ ಸಹಕಾರ.